ನರತಂತುಗಳಿಗೆ ದಾರಿ ತೋರುವ ಅಣುಗಳು

ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಮಾರ್ಗವಾಗಿ ಚಾಮರಾಜನಗರಕ್ಕೆ ಪಯಣಿಸುವವರಿಗೆ ರಸ್ತೆಯ ಇಕ್ಕೆಲಗಳಲ್ಲಿ ಬಾಳೆಯ ತೋಟಗಳು ಕಾಣಸಿಗುತ್ತವೆ. ಗೊನೆಯನ್ನು ಕಡಿದು ಮನೆಗೆ ತಂದು ಮೂಲೆಯಲ್ಲಿ ತೂಗುಹಾಕಿ, ಹಣ್ಣು ಕಳಿತು ವಾಸನೆ ಹರಡತೊಡಗಿದೊಡನೆಯೇ ಕೆಂಗಣ್ಣಿನ ಪುಟ್ಟ ನೊಣಗಳ ಗುಂಪೊಂದು ಎಲ್ಲಿಂದಲೋ ಬಂದು ಅದನ್ನು ಮುತ್ತಿಕೊಳ್ಳುತ್ತದೆ. ಗೃಹಿಣಿಯರು ಕೈಬೀಸಿ ಓಡಿಸುವ ಈ ನೊಣ ಗಾತ್ರದಲ್ಲಿ ಎಳ್ಳಿನ ಕಾಳಿಗಿಂತ ದೊಡ್ಡದಲ್ಲ. ಅದರ ಮಿದುಳಾದರೋ ಗಸಗಸೆಯ ಕಾಳಿಗಿಂತಲೂ ಕಿರಿದು. ಆದರೂ ಅಷ್ಟರಲ್ಲಿಯೇ 1,39,255 ನರಕೋಶಗಳೂ ಐದು ಕೋಟಿಗೆ ಮಿಕ್ಕಿದ ನರಸಂಧಿಗಳೂ ಅಡಗಿವೆಯೆಂದು 2024ರಲ್ಲಿ ಪ್ರಕಟವಾದ ಸಂಪೂರ್ಣ ನಕ್ಷೆ ತೋರಿಸಿಕೊಟ್ಟಿದೆ. ಹಣ್ಣಿನ ವಾಸನೆಯನ್ನು ಹಿಡಿಯುವುದು, ಬೀಸಿದ ಕೈಯನ್ನು ಕಂಡು ಹಾರುವುದು, ಮತ್ತೆ ಅಲ್ಲಿಗೇ ಮರಳುವುದು ಇವೆಲ್ಲವೂ ಆ ಸಂಪರ್ಕಜಾಲದ ಕೆಲಸ.

ಮಾನವನ ಮಿದುಳಿನ ಲೆಕ್ಕ ಬೇರೆ. ಅಲ್ಲಿರುವ ನರಕೋಶಗಳು ಸುಮಾರು 8,600 ಕೋಟಿ. ಒಂದೊಂದು ಕೋಶವೂ ತನ್ನಿಂದ ಒಂದು ಉದ್ದನೆಯ ತಂತುವನ್ನು ಹೊರಚಾಚಿ, ದೂರದಲ್ಲಿರುವ ತನ್ನ ಜೊತೆಗಾರ ಕೋಶಗಳನ್ನು ಹುಡುಕಿ ಸೇರಬೇಕು. ಸಂತಾನದಿಂದ ಸಂತಾನಕ್ಕೆ ಹರಿದುಬರುವ ಜೀನುಗಳಾದರೋ ಹೆಚ್ಚೆಂದರೆ ಇಪ್ಪತ್ತು ಸಾವಿರದಷ್ಟು ಮಾತ್ರ. ಒಂದೊಂದು ತಂತುವಿಗೂ ಒಂದೊಂದು ವಿಳಾಸವನ್ನು ಬರೆದಿಡಲು ಇಷ್ಟು ಜೀನುಗಳು ಯಾವ ಮೂಲೆಗೂ ಸಾಲವು. ಹಾಗಿದ್ದೂ ಹುಟ್ಟುವ ಶಿಶುಗಳಲ್ಲಿ ಬಹುಪಾಲು ಎಲ್ಲವೂ ಕಣ್ಣಿನ ತಂತುಗಳನ್ನು ಕಣ್ಣಿನ ಕೇಂದ್ರಕ್ಕೂ ಕಿವಿಯ ತಂತುಗಳನ್ನು ಕಿವಿಯ ಕೇಂದ್ರಕ್ಕೂ ಜೋಡಿಸಿಕೊಂಡೇ ಹುಟ್ಟುತ್ತವೆ. ಇದು ಸಾಧ್ಯವಾಗುವ ಬಗೆಯನ್ನು ಬಿಡಿಸಲು ವಿಜ್ಞಾನಿಗಳಿಗೆ ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿಯಿತು.

ಮೊದಲ ಸುಳಿವನ್ನು ಕೊಟ್ಟವನು ಸ್ಪೇನ್ ದೇಶದ ಸಾಂಟಿಯಾಗೊ ರಮೋನ್ ಕಹಾಲ್. ಆತ 1890ರಲ್ಲಿ ಕೋಳಿಮರಿಯ ಭ್ರೂಣವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸುತ್ತಿದ್ದಾಗ, ಬೆಳೆಯುತ್ತಿರುವ ನರತಂತುವಿನ ತುದಿಯಲ್ಲಿ ಅಗಲವಾದ ಒಂದು ಶಂಕುವನ್ನು ಕಂಡನು. ಆ ಶಂಕುವಿನಿಂದ ಬೆರಳುಗಳಂತಹ ಎಳೆಗಳು ಹೊರಟಿದ್ದವು. ಕುರುಡನೊಬ್ಬ ಕೋಲೂರಿ ದಾರಿಯನ್ನು ತಡವುವಂತೆ ಈ ಶಂಕು ತನ್ನ ಸುತ್ತಲಿನ ನೆಲೆಯನ್ನು ತಡವುತ್ತ ಮುಂದುವರಿಯುತ್ತದೆಯೆಂದೂ, ಗುರಿಯ ಕಡೆಯಿಂದ ಹರಡುವ ಯಾವುದೋ ರಾಸಾಯನಿಕ ಅದನ್ನು ಸೆಳೆಯುತ್ತಿರಬೇಕೆಂದೂ ಆತ ಊಹಿಸಿದನು. ಸತ್ತ ಭ್ರೂಣದ ತೆಳುಪದರಗಳನ್ನು ಮಾತ್ರ ನೋಡಿ ಚಲನೆಯನ್ನು ಊಹಿಸಿದ ಆ ಧೈರ್ಯ ಮೆಚ್ಚತಕ್ಕದ್ದು. 1906ರಲ್ಲಿ ಕಹಾಲ್‌ಗೆ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಆ ಸೆಳೆಯುವ ರಾಸಾಯನಿಕ ಯಾವುದೆಂಬುದು ಆತನ ಜೀವಿತಕಾಲದಲ್ಲಿ ತಿಳಿಯಲಿಲ್ಲ.

ಮುಂದಿನ ಐವತ್ತು ವರ್ಷಗಳಲ್ಲಿ ಅಭಿಪ್ರಾಯ ಬೇರೆ ದಿಕ್ಕಿಗೆ ತಿರುಗಿತು. ನರತಂತುಗಳು ಮೊದಲು ಹೇಗೆಂದರೆ ಹಾಗೆ ಬೆಳೆದು ಸಿಕ್ಕಸಿಕ್ಕಲ್ಲಿ ಕೂಡಿಕೊಳ್ಳುತ್ತವೆ, ಅನಂತರ ಬಳಕೆಯಿಂದ ಸರಿಹೋಗುತ್ತವೆ ಎಂದು ಹಲವರು ನಂಬಿದರು. ಅಮೆರಿಕದ ಪಾಲ್ ವೈಸ್ ಈ ಪಂಥದ ಪ್ರಮುಖ. ಆತನ ಶಿಷ್ಯನೇ ಆದ ರೋಜರ್ ಸ್ಪೆರಿ ಗುರುವಿನ ಮತವನ್ನು ಒರೆಗೆ ಹಚ್ಚಿದನು. 1940ರ ದಶಕದಲ್ಲಿ ಆತ ಕಪ್ಪೆಯ ಜಾತಿಯ ಪ್ರಾಣಿಗಳ ಕಣ್ಣಿನ ನರವನ್ನು ಕತ್ತರಿಸಿ, ಕಣ್ಣುಗುಡ್ಡೆಯನ್ನು ತಲೆಕೆಳಗಾಗಿ ತಿರುಗಿಸಿ ಕೂರಿಸಿದನು. ಈ ಪ್ರಾಣಿಗಳಲ್ಲಿ ಕತ್ತರಿಸಿದ ನರ ಮತ್ತೆ ಬೆಳೆಯುತ್ತದೆ. ದೃಷ್ಟಿ ಮರಳಿದ ಮೇಲೆ, ಮೇಲುಗಡೆ ಹುಳುವನ್ನು ಹಿಡಿದರೆ ಪ್ರಾಣಿ ನಾಲಗೆಯನ್ನು ಕೆಳಗೆ ಚಾಚಿತು; ಕೆಳಗೆ ಹಿಡಿದರೆ ಮೇಲಕ್ಕೆ ನೆಗೆಯಿತು. ಎಷ್ಟು ಕಾಲ ಕಳೆದರೂ ಅದು ತಿದ್ದಿಕೊಳ್ಳಲಿಲ್ಲ. ಎಂದರೆ ಪ್ರತಿಯೊಂದು ತಂತುವೂ ಕಣ್ಣು ತಿರುಗಿದ್ದನ್ನು ಲೆಕ್ಕಿಸದೆ ತನ್ನ ಹಳೆಯ ಗುರಿಗೇ ಹೋಗಿ ಸೇರಿತ್ತು. ತಂತುವಿನಲ್ಲಿಯೂ ಗುರಿಯಲ್ಲಿಯೂ ಒಂದಕ್ಕೊಂದು ಹೊಂದುವ ರಾಸಾಯನಿಕ ಗುರುತುಗಳಿವೆಯೆಂದು ಸ್ಪೆರಿ 1963ರಲ್ಲಿ ಖಚಿತವಾಗಿ ಮಂಡಿಸಿದನು. ಬಳಕೆ ಮತ್ತು ಅಭ್ಯಾಸಗಳು ಸಂಪರ್ಕಗಳನ್ನು ನಯಗೊಳಿಸುವುದು ನಿಜವಾದರೂ ಮೊದಲ ಹಾಸುಹೊಕ್ಕು ಬೀಳುವುದು ಅಣುಗಳಿಂದಲೇ ಎಂಬುದು ಇಂದು ಸರ್ವಸಮ್ಮತ.

ಆ ಅಣುಗಳ ಪೈಕಿ ಒಂದನ್ನು ಕೈಗೆ ಹಿಡಿಯಲು ಪಟ್ಟ ಶ್ರಮ ಸಾಮಾನ್ಯವಾದುದಲ್ಲ. ಬೆನ್ನುಹುರಿಯ ಒಂದು ಬದಿಯಲ್ಲಿ ಹುಟ್ಟಿದ ಕೆಲವು ತಂತುಗಳು ಕೆಳಗಿಳಿದು, ನಡುಗೆರೆಯನ್ನು ದಾಟಿ ಇನ್ನೊಂದು ಬದಿಗೆ ಹೋಗುತ್ತವೆ. ನಡುಗೆರೆಯಿಂದ ಹೊರಡುವ ಯಾವುದೋ ವಸ್ತು ಅವನ್ನು ಸೆಳೆಯುತ್ತದೆಯೆಂಬುದು ಪ್ರಯೋಗಗಳಿಂದ ಗೊತ್ತಾಗಿತ್ತು. ಕ್ಯಾಲಿಫೋರ್ನಿಯಾದ ಸಂಶೋಧಕರ ತಂಡವೊಂದು ಸುಮಾರು ಇಪ್ಪತ್ತೈದು ಸಾವಿರ ಕೋಳಿಭ್ರೂಣಗಳ ಮಿದುಳುಗಳನ್ನು ಕೂಡಿಹಾಕಿ, ಹಂತಹಂತವಾಗಿ ಸೋಸಿ, ಕೊನೆಗೆ 1994ರಲ್ಲಿ ಆ ಪ್ರೋಟೀನನ್ನು ಬೇರ್ಪಡಿಸಿತು. ಅದಕ್ಕೆ ಇಟ್ಟ ಹೆಸರು ನೆಟ್ರಿನ್. ಈ ಹೆಸರು ಕನ್ನಡಿಗರ ಕಿವಿಗೆ ಅಪರಿಚಿತವಲ್ಲ. ನೇತಾರ, ನೇತೃತ್ವ ಮುಂತಾದ ಪದಗಳಲ್ಲಿರುವ 'ನೇತೃ' ಎಂಬ ಸಂಸ್ಕೃತ ಶಬ್ದದಿಂದಲೇ ಅದನ್ನು ಉದ್ದೇಶಪೂರ್ವಕವಾಗಿ ಕಟ್ಟಲಾಗಿದೆ. ಮುಂದೆ ನಡೆಸಿಕೊಂಡು ಹೋಗುವವನು ಎಂದು ಅದರ ಅರ್ಥ.

ನೆಟ್ರಿನ್ನಿನಂತಹ ಅಣುಗಳು ಕೆಲಸ ಮಾಡುವ ಕ್ರಮವನ್ನು ತಿಳಿಯಲು ಗುಂಡ್ಲುಪೇಟೆಯೇ ಒಳ್ಳೆಯ ದೃಷ್ಟಾಂತ. ಮೈಸೂರಿನಿಂದ ಊಟಿಗೆ ಹೊರಟವನಿಗೂ ಸುಲ್ತಾನ್ ಬತ್ತೇರಿಗೆ ಹೊರಟವನಿಗೂ ಮೊದಲ ಗುರಿ ಗುಂಡ್ಲುಪೇಟೆ. ಅಲ್ಲಿಂದ ಒಬ್ಬ ಬಂಡೀಪುರದ ಕಡೆಗೂ ಮತ್ತೊಬ್ಬ ವಯನಾಡಿನ ಕಡೆಗೂ ತಿರುಗುತ್ತಾನೆ. ದೂರದ ಊರಿನ ಸಂಪೂರ್ಣ ನಕ್ಷೆ ಯಾರ ಕೈಯಲ್ಲೂ ಇರಬೇಕಾಗಿಲ್ಲ; ಒಂದು ಕೂಡುರಸ್ತೆಯಿಂದ ಮುಂದಿನ ಕೂಡುರಸ್ತೆಗೆ ಹೋಗುವಷ್ಟು ತಿಳಿದರೆ ಸಾಕು. ನರತಂತುವೂ ತನ್ನ ದೀರ್ಘಯಾತ್ರೆಯನ್ನು ಇಂತಹ ಸಣ್ಣಸಣ್ಣ ತಂಗುದಾಣಗಳಾಗಿ ಹಂಚಿಕೊಂಡು ಮುಗಿಸುತ್ತದೆ. ಬಂಡೀಪುರದ ಅರಣ್ಯದ ದ್ವಾರದ ಸಂಗತಿಯನ್ನೂ ಇಲ್ಲಿ ನೆನೆಯಬಹುದು. 2009ರಿಂದ ರಾತ್ರಿ 9ರಿಂದ ಬೆಳಗಿನ 6ರವರೆಗೆ ಅಲ್ಲಿ ವಾಹನಸಂಚಾರಕ್ಕೆ ನಿರ್ಬಂಧ ಬಂದಿತು. ಲಾರಿ ಹಿಂದಿರುಗಬೇಕು, ರೋಗಿಯನ್ನು ಹೊತ್ತ ಆಂಬುಲೆನ್ಸ್ ಹೋಗಬಹುದು. ದ್ವಾರ ಒಂದೇ, ಅದರ ಅರ್ಥ ಬಂದವರ ಬಳಿ ಇರುವ ಅನುಮತಿಯನ್ನು ಅವಲಂಬಿಸಿದೆ. ನೆಟ್ರಿನ್ ಕೂಡ ಹಾಗೆಯೇ. ತಂತುವಿನ ತುದಿಯಲ್ಲಿ ಒಂದು ಬಗೆಯ ಗ್ರಾಹಕವಿದ್ದರೆ ಅದು ಸೆಳೆಯುತ್ತದೆ, ಇನ್ನೊಂದು ಬಗೆಯ ಗ್ರಾಹಕ ಜೊತೆಗೂಡಿದರೆ ಅದೇ ಅಣು ದೂರ ತಳ್ಳುತ್ತದೆ. ಹೀಗೆ ಕೆಲವೇ ಅಣುಗಳಿಂದ ಬಗೆಬಗೆಯ ಆದೇಶಗಳು ಹೊರಡುತ್ತವೆ. ಇಪ್ಪತ್ತು ಸಾವಿರ ಜೀನುಗಳು ಹೇಗೆ ಸಾಲುತ್ತವೆ ಎಂಬ ಮೊದಲಿನ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲಿದೆ.

ತಳ್ಳುವ ಅಣುಗಳಲ್ಲಿ ಸ್ಲಿಟ್ ಎಂಬುದು ಹೆಸರಾದದ್ದು. ಅದನ್ನು ಗುರುತಿಸುವ ಗ್ರಾಹಕಕ್ಕೆ ರೋಬೋ ಎಂದು ಹೆಸರು. ಇದು ಯಂತ್ರಮಾನವನ ಹೆಸರಲ್ಲ; ರಸ್ತೆಗಳು ಕೂಡುವೆಡೆಯ ವೃತ್ತಕ್ಕೆ ಇಂಗ್ಲಿಷಿನಲ್ಲಿರುವ 'ರೌಂಡಬೌಟ್' ಎಂಬ ಪದದ ಸಂಕ್ಷೇಪ. ಈ ಜೀನು ಕೆಟ್ಟ ಹಣ್ಣಿನ ನೊಣದ ಭ್ರೂಣದಲ್ಲಿ ನರತಂತುಗಳು ನಡುಗೆರೆಯನ್ನು ಒಮ್ಮೆ ದಾಟಿ ಸುಮ್ಮನಿರದೆ, ಮತ್ತೆ ಮತ್ತೆ ದಾಟುತ್ತ, ಚಾಮರಾಜನಗರದ ಭುವನೇಶ್ವರಿ ವೃತ್ತದಲ್ಲಿ ದಾರಿ ತಿಳಿಯದ ಹೊಸಬನಂತೆ ಸುತ್ತುಹಾಕುತ್ತಿದ್ದುದನ್ನು ಕಂಡು 1993ರಲ್ಲಿ ಅದಕ್ಕೆ ಆ ಹೆಸರಿಡಲಾಯಿತು.

ಈ ನೊಣದ ಸಂಶೋಧನೆಯಲ್ಲಿ ಕರ್ನಾಟಕದ ಪಾಲು ಅಲ್ಪವಲ್ಲವೆಂಬುದು ಇಲ್ಲಿನ ಓದುಗರಿಗೆ ಅಭಿಮಾನದ ಸಂಗತಿ. ಮೈಸೂರಿನ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಎಂ. ಆರ್. ರಾಜಶೇಖರಶೆಟ್ಟಿಯವರು ಡ್ರೊಸಾಫಿಲಾ ನೊಣದ ಅಧ್ಯಯನಕ್ಕೆ ಅಡಿಪಾಯ ಹಾಕಿದರು. ಅಲ್ಲಿಯ ಸಂಶೋಧಕರು ದಕ್ಷಿಣ ಭಾರತದ ಕಾಡುಮೇಡುಗಳಿಂದ ಹೊಸ ಪ್ರಭೇದಗಳನ್ನು ಕಂಡುಹಿಡಿದರು. ಒಂದು ಪ್ರಭೇದಕ್ಕೆ ಮೈಸೂರಿನ ಹೆಸರೇ ಇದೆ. ನಾನಾ ತಳಿಗಳನ್ನು ಸೀಸೆಗಳಲ್ಲಿ ಸಾಕಿ ಬೇಡಿದವರಿಗೆ ಒದಗಿಸುವ ಕೇಂದ್ರವೂ ಅಲ್ಲಿ ಬೆಳೆಯಿತು. ಬೆಂಗಳೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವನ್ನು ಸ್ಥಾಪಿಸಿದ ಒಬೈದ್ ಸಿದ್ದಿಕಿಯವರು ಈ ನೊಣದ ವಾಸನಾಶಕ್ತಿಯನ್ನೇ ತಮ್ಮ ಅಧ್ಯಯನದ ವಿಷಯವನ್ನಾಗಿ ಆರಿಸಿಕೊಂಡವರು. ಅವರ ವಿದ್ಯಾರ್ಥಿನಿ ವೆರೋನಿಕಾ ರಾಡ್ರಿಗ್ಸ್ ಕೀನ್ಯಾದಲ್ಲಿ ಹುಟ್ಟಿ, ಸಿದ್ದಿಕಿಯವರ ಬಳಿ ಸಂಶೋಧನೆ ಮಾಡಲೆಂದು ಭಾರತಕ್ಕೆ ಬಂದು, ಇಲ್ಲಿಯೇ ನೆಲೆನಿಂತರು. ಗುರುಶಿಷ್ಯರಿಬ್ಬರೂ 1978ರಲ್ಲಿ ಪ್ರಕಟಿಸಿದ ಲೇಖನ ವಾಸನೆಯನ್ನು ಗ್ರಹಿಸಲಾರದ ನೊಣಗಳ ತಳಿಗಳನ್ನು ವಿವರಿಸಿತು. ಅದನ್ನು ಮುದ್ರಿಸಿದ್ದು ಹೊರದೇಶದ ಪತ್ರಿಕೆಯಲ್ಲ, ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆ.

ನೊಣದ ಮೀಸೆಯಲ್ಲಿ ಸಾವಿರಕ್ಕೂ ಹೆಚ್ಚು ವಾಸನಾಕೋಶಗಳಿವೆ. ಅವುಗಳ ತಂತುಗಳು ಮಿದುಳನ್ನು ಸೇರಿ ಸುಮಾರು ಐವತ್ತು ಪುಟ್ಟ ಉಂಡೆಗಳಲ್ಲಿ ಕೊನೆಗೊಳ್ಳುತ್ತವೆ. ಒಂದೇ ಬಗೆಯ ವಾಸನೆಯನ್ನು ಹಿಡಿಯುವ ಕೋಶಗಳು ಮೀಸೆಯ ಮೇಲೆ ಚದುರಿಹೋಗಿದ್ದರೂ ಅವುಗಳ ತಂತುಗಳೆಲ್ಲ ಒಂದೇ ಉಂಡೆಯಲ್ಲಿ ಕೂಡುತ್ತವೆ. ಇದರ ಗುಟ್ಟೇನು? ರಾಡ್ರಿಗ್ಸ್ ಅವರ ತಂಡ 2004ರಲ್ಲಿ ತೋರಿಸಿದ್ದೇನೆಂದರೆ, ಬೆನ್ನುಹುರಿಯಂತಹ ನಡುಗೆರೆಯಲ್ಲಿ ದ್ವಾರಪಾಲಕನಾಗಿದ್ದ ರೋಬೋ ಇಲ್ಲಿಯೂ ಕೆಲಸಕ್ಕಿದೆ. ರೋಬೋ ಕುಟುಂಬದಲ್ಲಿ ಮೂರು ಗ್ರಾಹಕಗಳಿವೆ. ತಂತು ಅವುಗಳಲ್ಲಿ ಯಾವುದನ್ನು ಧರಿಸಿದೆಯೆಂಬುದರ ಮೇಲೆ ಅದು ವಾಸನಾಕೇಂದ್ರದ ಯಾವ ಭಾಗದಲ್ಲಿ, ಎಷ್ಟು ಆಳದಲ್ಲಿ ನಿಲ್ಲಬೇಕೆಂಬುದು ಬಹುಮಟ್ಟಿಗೆ ನಿರ್ಧಾರವಾಗುತ್ತದೆ. ದಾರಿ ತೋರುವುದಕ್ಕಾಗಿ ಇದ್ದ ಅಣುವೇ ನಿಲ್ಲುವ ಜಾಗವನ್ನೂ ಹೇಳುತ್ತದೆಯೆಂಬುದು ಇದರಿಂದ ವಿಶದವಾಯಿತು. ರಾಡ್ರಿಗ್ಸ್ 2010ರಲ್ಲಿಯೂ ಸಿದ್ದಿಕಿ 2013ರಲ್ಲಿಯೂ ಬೆಂಗಳೂರಿನಲ್ಲಿ ನಿಧನರಾದರು.

ಊರನ್ನು ಸೇರಿದರೆ ಯಾತ್ರೆ ಮುಗಿಯುವುದಿಲ್ಲ. ಮನೆಯ ಯಾವ ಅಂತಸ್ತಿಗೆ ಹೋಗಬೇಕೆಂಬ ಪ್ರಶ್ನೆ ಉಳಿಯುತ್ತದೆ. ಮಿದುಳಿನ ಬಹಳಷ್ಟು ಭಾಗಗಳು ಪದರ ಪದರವಾಗಿ ಕಟ್ಟಲ್ಪಟ್ಟಿವೆ. ನೊಣದ ಕಣ್ಣಿನ ಹಿಂದಿರುವ ದೃಷ್ಟಿಕೇಂದ್ರವೊಂದರಲ್ಲಿ ಹತ್ತು ಪದರಗಳಿವೆ. ಕಣ್ಣಿನಿಂದ ಬರುವ ಎಂಟನೆಯ ಬಗೆಯ ತಂತು ಅದರ ಮೂರನೆಯ ಪದರದಲ್ಲಿಯೂ ಏಳನೆಯ ಬಗೆಯದು ಆರನೆಯ ಪದರದಲ್ಲಿಯೂ ನಿಲ್ಲುತ್ತವೆ, ಎಂದಿಗೂ ತಪ್ಪುವುದಿಲ್ಲ. ಮೂರನೆಯ ಪದರದಲ್ಲಿ ನೆಟ್ರಿನ್ ಶೇಖರವಾಗಿರುವುದೇ ಅಲ್ಲಿ ನಿಲ್ಲುವುದಕ್ಕೆ ಕಾರಣವೆಂದು 2012ರಲ್ಲಿ ತಿಳಿಯಿತು. ದೂರದಿಂದ ಕರೆಯುತ್ತಿದ್ದ ಅಣು ಇಲ್ಲಿ ಅಂಟಿನಂತೆ ಹಿಡಿದುಕೊಳ್ಳುತ್ತದೆ. ಕೋಳಿಮರಿಯ ಅಕ್ಷಿಪಟಲದಲ್ಲಿ ಉಪಾಯ ಸ್ವಲ್ಪ ಬೇರೆ. ಅಲ್ಲಿ ಸೈಡ್‌ಕಿಕ್ ಎಂಬ ಹೆಸರಿನ ಪ್ರೋಟೀನುಗಳು ಕೋಶದ ಮೈಮೇಲೆ ಇರುತ್ತವೆ, ಮತ್ತು ಒಂದೇ ಬಗೆಯವು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಆದಕಾರಣ ಒಂದೇ ಬಗೆಯ ಗುರುತುಳ್ಳ ಕೋಶಗಳ ತಂತುಗಳು ಒಂದೇ ಪದರದಲ್ಲಿ ಸೇರುತ್ತವೆ. 2002ರ ಈ ಶೋಧ ಸ್ಪೆರಿಯ ಊಹೆಗೆ ಬಹಳ ಸಮೀಪದ್ದು.

ಮಾನವನ ಮಿದುಳಿನ ಹೊರತೊಗಟೆ ಎರಡರಿಂದ ನಾಲ್ಕು ಮಿಲಿಮೀಟರು ದಪ್ಪದ, ಆರು ಪದರಗಳ ಹಾಳೆ. ಓದು, ಮಾತು, ಲೆಕ್ಕ, ವಿವೇಚನೆ ಇವುಗಳಿಗೆ ಈ ಹಾಳೆಯೇ ಆಶ್ರಯ. ಗರ್ಭದಲ್ಲಿ ಇದು ಕಟ್ಟಲ್ಪಡುವ ಕ್ರಮ ವಿಚಿತ್ರವಾದದ್ದು. ನರಕೋಶಗಳು ಮಿದುಳಿನ ಒಳಗೋಡೆಯಲ್ಲಿ ಹುಟ್ಟಿ, ಕಂಬಗಳಂತೆ ನಿಂತ ಆಧಾರಕೋಶಗಳನ್ನು ಹಿಡಿದು ಮೇಲಕ್ಕೆ ಏರುತ್ತವೆ. ಮೊದಲು ಹುಟ್ಟಿದವು ಆಳದ ಆರನೆಯ ಪದರವಾಗುತ್ತವೆ. ಅನಂತರ ಹುಟ್ಟಿದವು ಅಣ್ಣಂದಿರ ನಡುವೆ ನುಸುಳಿ ಅವರನ್ನು ದಾಟಿ ಐದನೆಯ ಪದರಕ್ಕೂ, ಅವುಗಳ ಬಳಿಕದವು ಇನ್ನೂ ಮೇಲಕ್ಕೂ ಹೋಗುತ್ತವೆ. ಕೊನೆಗೆ ಹುಟ್ಟಿದವರಿಗೆ ಹೊರಗಿನ ಸ್ಥಾನ. ಕಟ್ಟಡವನ್ನು ಕಟ್ಟುವವರು ಹೊಸ ಅಂತಸ್ತನ್ನು ಹಳೆಯದರ ಮೇಲೆ ಕಟ್ಟುವುದು ಸಹಜ. ಆದರೆ ಇಲ್ಲಿ ಹೊಸ ಇಟ್ಟಿಗೆಗಳು ನೆಲಮಾಳಿಗೆಯಿಂದ ಹೊರಟು ಕಟ್ಟಿದ ಅಂತಸ್ತುಗಳ ಒಳಗಿಂದಲೇ ತಾವಾಗಿ ಹತ್ತಿಹೋಗಬೇಕು.

ಎಲ್ಲಿಗೆ ಏರಬೇಕು, ಎಲ್ಲಿ ಕಂಬವನ್ನು ಬಿಡಬೇಕು ಎಂದು ತಿಳಿಸುವ ಅಣು ಪತ್ತೆಯಾದದ್ದು ಒಂದು ಇಲಿಯ ದೆಸೆಯಿಂದ. 1951ರಲ್ಲಿ ಎಡಿನ್‌ಬರೋದ ಡಗ್ಲಸ್ ಫಾಲ್ಕನರ್ ಕುಡಿದವನಂತೆ ತೂರಾಡುತ್ತ ನಡೆಯುವ ಒಂದು ಇಲಿಯ ತಳಿಯನ್ನು ವರ್ಣಿಸಿದನು. ತೂರಾಡುವುದೆಂಬ ಅರ್ಥದಲ್ಲಿಯೇ ಅದಕ್ಕೆ ರೀಲರ್ ಎಂಬ ಹೆಸರಾಯಿತು. ಮುಂದೆ ಅದರ ಮಿದುಳನ್ನು ಪರೀಕ್ಷಿಸಿದವರಿಗೆ ಪದರಗಳು ಹೆಚ್ಚುಕಡಮೆ ತಲೆಕೆಳಗಾಗಿರುವುದು ಕಂಡುಬಂದಿತು. ತಡವಾಗಿ ಹುಟ್ಟಿದ ಕೋಶಗಳು ಹಳೆಯವನ್ನು ದಾಟಲಾರದೆ ಕೆಳಗೇ ಗುಂಪುಗೂಡಿದ್ದವು. ಕೆಟ್ಟ ಜೀನು ಯಾವುದೆಂದು ತಿಳಿಯಲು ಮತ್ತೆ ನಲವತ್ತನಾಲ್ಕು ವರ್ಷಗಳು ಬೇಕಾದವು. 1995ರಲ್ಲಿ ಕಂಡುಬಂದ ಆ ಜೀನಿನ ಪ್ರೋಟೀನಿಗೆ ರೀಲಿನ್ ಎಂದು ಹೆಸರು. ತೊಗಟೆಯ ಅತ್ಯಂತ ಹೊರಗಿನ ಪದರದಲ್ಲಿರುವ ಕೆಲವು ಕೋಶಗಳು ಅದನ್ನು ಸ್ರವಿಸುತ್ತವೆ. ಇವುಗಳನ್ನು ನೂರು ವರ್ಷಗಳ ಹಿಂದೆಯೇ ಗುರುತಿಸಿದವರಲ್ಲಿ ಕಹಾಲ್ ಒಬ್ಬನು. ಅವುಗಳಿಗೆ ಆತನ ಹೆಸರೂ ಅಂಟಿಕೊಂಡಿದೆ. ಅವು ಏನು ಮಾಡುತ್ತವೆಯೆಂಬುದು ಮಾತ್ರ ಆತನಿಗೆ ತಿಳಿದಿರಲಿಲ್ಲ.

ಮನುಷ್ಯರಲ್ಲಿಯೂ ಈ ಜೀನು ಕೆಡುವುದುಂಟೆಂದು 2000ರಲ್ಲಿ ಗೊತ್ತಾಯಿತು. ತಂದೆಯಿಂದಲೂ ತಾಯಿಯಿಂದಲೂ ಕೆಟ್ಟ ಪ್ರತಿಯೇ ಬಂದ ಮಕ್ಕಳ ಮಿದುಳಿನ ಮೇಲ್ಮೈ ಸುಕ್ಕುಗಳಿಲ್ಲದೆ ನುಣುಪಾಗಿರುತ್ತದೆ, ಹಿಮ್ಮಿದುಳು ಕುಗ್ಗಿರುತ್ತದೆ. ಅಂಥ ಮಕ್ಕಳಿಗೆ ಅಪಸ್ಮಾರ ಬರುತ್ತದೆ. ನಡಿಗೆ, ಮಾತು, ಕಲಿಕೆಗಳು ಬಹಳ ಹಿಂದುಳಿಯುತ್ತವೆ. ಒಂದೇ ಪ್ರತಿ ಕೆಟ್ಟಿರುವ ತಂದೆತಾಯಿಗಳಾದರೋ ಆರೋಗ್ಯವಂತರಾಗಿಯೇ ಕಾಣುತ್ತಾರೆ.

ಈ ರೋಗ ವಿರಳವಾದದ್ದು. ಆದರೆ ಇದೇ ರೀತಿಯಲ್ಲಿ ಎರಡೂ ಕಡೆಯಿಂದ ಬಂದಾಗ ಮಾತ್ರ ತೋರಿಕೊಳ್ಳುವ ಜೀನುದೋಷಗಳು ನೂರಾರಿವೆ, ಮತ್ತು ಅವುಗಳ ವಿಷಯದಲ್ಲಿ ಹಳೆಯ ಮೈಸೂರು ಸೀಮೆಯ ಒಂದು ರೂಢಿಯನ್ನು ಕುರಿತು ಹೇಳದೆ ಬಿಡುವುದು ಸರಿಯಲ್ಲ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡುವುದೂ ಸೋದರಮಾವನ ಮಗಳನ್ನು ತರುವುದೂ ಚಾಮರಾಜನಗರದ ಕಡೆಯ ಅನೇಕ ಕುಲಗಳಲ್ಲಿ ತಲೆತಲಾಂತರದಿಂದ ನಡೆದುಬಂದಿದೆ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿರಾವ್ ಮತ್ತು ಸಹೋದ್ಯೋಗಿಗಳು ಬೆಂಗಳೂರು, ಮೈಸೂರುಗಳಲ್ಲಿ ನವಜಾತ ಶಿಶುಗಳ ರಕ್ತಪರೀಕ್ಷೆ ನಡೆಸಿದಾಗ, ತಂದೆತಾಯಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ರಕ್ತಸಂಬಂಧಿಗಳೇ ಆಗಿದ್ದರು. ಲೆಕ್ಕ ಸರಳವಾದದ್ದು. ಸೋದರಮಾವನಲ್ಲಿ ಒಂದು ಕೆಟ್ಟ ಜೀನು ಇದ್ದರೆ ಅದೇ ಜೀನು ಅಕ್ಕನ ಮಗಳಲ್ಲಿಯೂ ಇರುವ ಸಂಭವ ನಾಲ್ಕರಲ್ಲಿ ಒಂದು. ಮಾವನ ಮಗಳು, ಅತ್ತೆಯ ಮಗನ ನಡುವೆ ಎಂಟರಲ್ಲಿ ಒಂದು. ಇಬ್ಬರಲ್ಲಿಯೂ ಇದ್ದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ರೋಗದ ಸಂಭವ ನಾಲ್ಕರಲ್ಲಿ ಒಂದು. ಇಂಥ ದಂಪತಿಗಳ ಮಕ್ಕಳಲ್ಲಿ ಬಹುಪಾಲು ಆರೋಗ್ಯವಂತರೇ. ಆದರೂ ಕುಟುಂಬದಲ್ಲಿ ಈಗಾಗಲೇ ಅಂತಹ ಒಂದು ಮಗು ಹುಟ್ಟಿದ್ದರೆ, ಮುಂದಿನ ನಂಟಸ್ತಿಕೆ ಕುದುರಿಸುವ ಮೊದಲು ವೈದ್ಯರನ್ನು ಕೇಳುವುದು ಜಾತಕ ನೋಡುವುದಕ್ಕಿಂತ ಹೆಚ್ಚು ಪ್ರಯೋಜನಕಾರಿ. ಅದನ್ನು ತಾಯಿಯ ಪಾಪವೆಂದೋ ಗ್ರಹಣಕಾಲದ ದೋಷವೆಂದೋ ಹೇಳಿ ಸೊಸೆಯನ್ನು ನಿಂದಿಸುವುದಕ್ಕೆ ಮಾತ್ರ ಯಾವ ಆಧಾರವೂ ಇಲ್ಲ. ಕೆಟ್ಟ ಜೀನಿನ ಒಂದು ಪ್ರತಿ ತಂದೆಯಿಂದಲೇ ಬಂದಿರುತ್ತದೆ.

ಜೀನುಗಳು ನೆಟ್ಟಗಿದ್ದರೂ ಈ ಅಣುಗಳು ಸಕಾಲದಲ್ಲಿ ಸಾಕಷ್ಟು ತಯಾರಾಗಬೇಕಾದರೆ ಬೇರೆ ಸಾಮಗ್ರಿಗಳು ಬೇಕು. ಅವುಗಳಲ್ಲಿ ಮುಖ್ಯವಾದದ್ದು ಥೈರಾಯ್ಡ್ ಗ್ರಂಥಿಯ ರಸ, ಆ ರಸಕ್ಕೆ ಬೇಕಾದದ್ದು ಅಯೋಡಿನ್. ಗರ್ಭದ ಪೂರ್ವಾರ್ಧದಲ್ಲಿ ಶಿಶುವಿನ ಸ್ವಂತ ಗ್ರಂಥಿ ಇನ್ನೂ ಸರಿಯಾಗಿ ದುಡಿಯುತ್ತಿರುವುದಿಲ್ಲ. ತಾಯಿಯ ರಸವೇ ಆಧಾರ. ನರಕೋಶಗಳು ಪದರಗಳಿಗೆ ಏರತೊಡಗುವುದು ಆ ಕಾಲದಲ್ಲಿಯೇ. ಥೈರಾಯ್ಡ್ ರಸದ ಕೊರತೆಯಿರುವ ಇಲಿಮರಿಗಳ ಮಿದುಳಿನಲ್ಲಿ ರೀಲಿನ್ ಕಡಮೆಯಾಗುವುದನ್ನು 1999ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಹಿಮಾಲಯದ ಕಾಂಗ್ರಾ ಕಣಿವೆಯಲ್ಲಿ 1956ರಿಂದ ವಿ. ರಾಮಲಿಂಗಸ್ವಾಮಿಯವರ ತಂಡ ನಡೆಸಿದ ಪ್ರಯೋಗ, ಉಪ್ಪಿಗೆ ಅಯೋಡಿನ್ ಬೆರೆಸಿದರೆ ಗಳಗಂಡ ಇಳಿಯುವುದೆಂದು ಸಿದ್ಧಪಡಿಸಿತು. 1962ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಗಳಗಂಡದ ಹೆಸರಿತ್ತು. 1992ರಲ್ಲಿ ಆ ಹೆಸರನ್ನು ಬದಲಿಸಿ ಅಯೋಡಿನ್ ಕೊರತೆಯ ಎಲ್ಲ ರೋಗಗಳಿಗೂ ಅನ್ವಯಿಸಲಾಯಿತು. ಕತ್ತಿನ ಗಡ್ಡೆಗಿಂತ ಕಣ್ಣಿಗೆ ಕಾಣದ ಮಿದುಳಿನ ಹಾನಿಯೇ ದೊಡ್ಡದೆಂಬ ಅರಿವು ಆ ವೇಳೆಗೆ ಮೂಡಿತ್ತು.

ಮನೆಗೆ ತಲಪುವ ಉಪ್ಪಿನಲ್ಲಿ ಹತ್ತು ಲಕ್ಷಕ್ಕೆ ಕನಿಷ್ಠ 15 ಭಾಗ, ಎಂದರೆ ಒಂದು ಗ್ರಾಮಿಗೆ 15 ಮೈಕ್ರೋಗ್ರಾಮಿನಷ್ಟು ಅಯೋಡಿನ್ ಇರಬೇಕು. ಗರ್ಭಿಣಿಗೆ ದಿನಕ್ಕೆ ಬೇಕಾದದ್ದು 250 ಮೈಕ್ರೋಗ್ರಾಂ. ಹಾಲು, ಮೊಸರುಗಳಿಂದಲೂ ಒಂದು ಪಾಲು ದೊರೆಯುತ್ತದೆ. ಆದರೆ ಕಲ್ಲುಪ್ಪನ್ನು ಕೊಳೆಯೆಂದು ನೀರಿನಲ್ಲಿ ತೊಳೆದು ಬಳಸುವ ಮನೆಗಳಲ್ಲಿ, ಬೆರೆಸಿದ ಅಯೋಡಿನ್ ನೀರಿನೊಂದಿಗೆ ಬಚ್ಚಲಿಗೆ ಹೋಗುತ್ತದೆ. ಒಲೆಯ ಪಕ್ಕದಲ್ಲಿ ಬಾಯಿ ತೆರೆದಿಟ್ಟ ಉಪ್ಪಿನ ಮರಿಗೆಯಿಂದಲೂ ಅದು ಮೆಲ್ಲಮೆಲ್ಲನೆ ಆರಿಹೋಗುತ್ತದೆ. ಮುಚ್ಚಳವಿರುವ ಡಬ್ಬಿಗೆ ಹೆಚ್ಚಿನ ಖರ್ಚೇನೂ ಇಲ್ಲ. ಗರ್ಭಿಣಿಯ ಮದ್ಯಪಾನದಿಂದಾಗುವ ಕೇಡನ್ನೂ ಇದರೊಂದಿಗೆ ಹೇಳಬೇಕು. ಕೋಶಗಳು ಒಂದನ್ನೊಂದು ಹಿಡಿದುಕೊಳ್ಳಲು ನೆರವಾಗುವ ಒಂದು ಪ್ರೋಟೀನಿನ ಕೆಲಸವನ್ನೇ ಮದ್ಯ ಕೆಡಿಸುತ್ತದೆಯೆಂದು ಪ್ರಯೋಗಶಾಲೆಗಳಲ್ಲಿ ಕಂಡುಬಂದಿದೆ.

ವಿಜ್ಞಾನದ ಉಪಾಧ್ಯಾಯರು ಈ ವಿಷಯವನ್ನು ತರಗತಿಯಲ್ಲಿ ತೋರಿಸಬಯಸಿದರೆ ಸಲಕರಣೆಗಳು ದುಬಾರಿಯಲ್ಲ. ಬೆಂಗಳೂರಿಗೆ ಪ್ರವಾಸ ಹೋದಾಗ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸಾರ್ವಜನಿಕರಿಗಾಗಿ ಇರುವ ಮಿದುಳಿನ ವಸ್ತುಸಂಗ್ರಹಾಲಯವನ್ನು ಮಕ್ಕಳಿಗೆ ತೋರಿಸಬಹುದು. ನಿಜವಾದ ಮಾನವ ಮಿದುಳನ್ನು ಸಮೀಪದಿಂದ ನೋಡುವ ಅವಕಾಶ ನಮ್ಮ ದೇಶದಲ್ಲಿ ಎಲ್ಲೆಡೆಯೂ ಇಲ್ಲ. ಶಾಲೆಯಲ್ಲಿಯೇ ಮಾಡುವುದಾದರೆ ಅಗಲಬಾಯಿಯ ಒಂದು ಸೀಸೆ, ಅದರೊಳಗೆ ಕಳಿತ ಬಾಳೆಹಣ್ಣಿನ ಒಂದು ತುಂಡು, ಬಾಯಿಗೆ ಕಟ್ಟಲು ತೆಳುಬಟ್ಟೆ ಇಷ್ಟು ಸಾಕು. ಹತ್ತಾರು ನೊಣಗಳು ಒಳಹೊಕ್ಕ ಮೇಲೆ ಬಟ್ಟೆ ಕಟ್ಟಿ, ಒಂದು ದಿನದ ಬಳಿಕ ನೊಣಗಳನ್ನು ಹೊರಬಿಡಬೇಕು. ಅವು ಇಟ್ಟ ಮೊಟ್ಟೆಗಳಿಂದ ಬಿಳಿಯ ಹುಳುಗಳು ಹೊರಬಂದು ಹಣ್ಣನ್ನು ತಿನ್ನುತ್ತ ನಾಲ್ಕೈದು ದಿನಗಳಲ್ಲಿ ಬೆಳೆದು, ಗಾಜಿನ ಗೋಡೆಯನ್ನು ಹತ್ತಿ, ಕಂದುಬಣ್ಣದ ಕೋಶಗಳಾಗಿ ಅಂಟಿಕೊಳ್ಳುತ್ತವೆ. ಮತ್ತೆ ನಾಲ್ಕೈದು ದಿನ ಹೊರಗೆ ಏನೂ ನಡೆಯುತ್ತಿರುವಂತೆ ಕಾಣುವುದಿಲ್ಲ. ಕಣ್ಣಿನ ತಂತುಗಳು ಮೂರನೆಯ ಪದರವನ್ನೂ ಆರನೆಯ ಪದರವನ್ನೂ ಹುಡುಕಿ ಸೇರುವುದು, ಮೀಸೆಯ ತಂತುಗಳು ಐವತ್ತು ಉಂಡೆಗಳಾಗಿ ವಿಂಗಡವಾಗುವುದು ಆ ಕಂದು ಕೋಶದ ಒಳಗೆ, ಆ ನಾಲ್ಕೈದು ದಿನಗಳಲ್ಲಿ. ಕೋಶದ ಗೋಡೆಯ ಮೂಲಕ ಎರಡು ಕೆಂಪು ಚುಕ್ಕೆಗಳು ಕಾಣತೊಡಗಿದರೆ ಕಣ್ಣುಗಳು ಸಿದ್ಧವಾಗುತ್ತಿವೆಯೆಂದು ತಿಳಿಯಬೇಕು. ಹೊರಬಂದ ನೊಣ ಮುದುಡಿದ ರೆಕ್ಕೆಗಳನ್ನು ಬಿಡಿಸಿಕೊಳ್ಳುತ್ತದೆ. ಆಗ ಬಟ್ಟೆಯನ್ನು ಬಿಚ್ಚಿ, ಕೊಠಡಿಯ ಇನ್ನೊಂದು ಮೂಲೆಯಲ್ಲಿ ಬಾಳೆಹಣ್ಣನ್ನು ಇಟ್ಟು, ಅದು ಯಾವ ಕಡೆಗೆ ಹಾರುತ್ತದೆಯೆಂಬುದನ್ನು ಮಕ್ಕಳು ಬರೆದುಕೊಳ್ಳಬಹುದು.